ಊರವರು ಚಂದಾ ಎತ್ತಿ ಸರ್ಕಾರಿ ಶಾಲೆಗೆ ಮೇಷ್ಟ್ರನ್ನು ಇಡಬಹುದೇ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ. 1ರಿಂದ 7ನೇ ತರಗತಿವರೆಗೆ 68 ಮಕ್ಕಳಿದ್ದಾರೆ. ಐದನೇ ತರಗತಿವರೆಗೆ 46, ಆರು-ಏಳರಲ್ಲಿ 22. ಮುಖ್ಯಶಿಕ್ಷಕರೂ ಸೇರಿ ಮೂವರೇ ಮೇಷ್ಟ್ರು, ಗಣಿತ-ವಿಜ್ಞಾನಕ್ಕೆ ಯಾರೂ ಇಲ್ಲ. ಎರಡು ಕೊಠಡಿ ಸೋರುತ್ತವೆ. ವರ್ಷಕ್ಕೆ ಬರುವುದು 25,000 ರೂಪಾಯಿ. ಹೋದ ವರ್ಷ ಅದರಲ್ಲೂ ಅರ್ಧ ಮಾರ್ಚ್ ಕೊನೆಗೆ ವಾಪಸ್ ಹೋಯಿತು. ಮಕ್ಕಳು ಇನ್ನೂ ಕಡಿಮೆಯಾದರೆ ಶಾಲೆ ಮುಚ್ಚುತ್ತಾರೆ ಎನ್ನುತ್ತಾರೆ. ಮನೆಗೆ ತಿಂಗಳಿಗೆ 200 ರೂ. ಹಾಕಿ ನಾವೇ ಒಬ್ಬ ಟೀಚರನ್ನು ಇಟ್ಟುಕೊಳ್ಳೋಣ ಎಂದು ಊರವರು ಒಪ್ಪಿದ್ದಾರೆ. ಬೆಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿಗಳು, ಅಮೆರಿಕದಲ್ಲಿರುವ ಒಬ್ಬರು ಸಹ ಹಣ ಕೊಡಲು ತಯಾರಿದ್ದಾರೆ. ಹೀಗೆ ಮಾಡಬಹುದೇ? ಸರ್ಕಾರ ಶಿಕ್ಷಣಕ್ಕೆ ಸಾವಿರಾರು ಕೋಟಿ ಎನ್ನುತ್ತದಲ್ಲ, ನಮ್ಮ ಪಾಲಿಗೆ 25,000 ಮಾತ್ರವೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕಿದ್ದರೂ ಆತಂಕ ಒಂದೇ. ಸರ್ಕಾರ ಕೈಬಿಟ್ಟಿದೆ, ಇನ್ನು ನಾವೇ ನೋಡಿಕೊಳ್ಳಬೇಕು ಎಂಬುದು. ನೋಡಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಟೀಚರ್ ಸಂಬಳಕ್ಕೆ ಚಂದಾ ಎತ್ತುವುದನ್ನು ಸದ್ಯಕ್ಕೆ ನಿಲ್ಲಿಸಿ. ಅದಕ್ಕೆ ಕಾರಣ ಹೇಳಬೇಕಾದರೆ ಶಾಲೆಗೆ ದುಡ್ಡು ಹೇಗೆ ಬರುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ನಿಮ್ಮ ಶಾಲೆಗೆ ಸರ್ಕಾರ ಮಾಡುವ ಖರ್ಚು 25,000 ಅಲ್ಲ. ಮೂವರು ಶಿಕ್ಷಕರ ಸಂಬಳ, ಅದರಲ್ಲೂ 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಲೆಕ್ಕ ಬಂದ ಮೇಲೆ, ವರ್ಷಕ್ಕೆ 20 ಲಕ್ಷವನ್ನು ಸುಲಭವಾಗಿ ದಾಟುತ್ತದೆ. ಬಿಸಿಯೂಟ, ಹಾಲು, ಮೊಟ್ಟೆ, ಪುಸ್ತಕ, ಸಮವಸ್ತ್ರ, ಶೂ ಬೇರೆ. ಇವು ಯಾವುವೂ ಎಸ್‌ಡಿಎಂಸಿ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ, ಹಾಗಾಗಿ ಲೆಕ್ಕಕ್ಕೂ ಬರುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಕಾಣುವ 25,000 ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ. ಕೇಂದ್ರ-ರಾಜ್ಯ ಶೇ 60-40ರ ಪಾಲಿನಲ್ಲಿ ಹಾಕುವ ಹಣ ಇದು. ಇದಕ್ಕೆ ಮಕ್ಕಳ ಸಂಖ್ಯೆಯೇ ಅಳತೆಗೋಲು. 30 ಮಕ್ಕಳವರೆಗೆ 10,000, 31ರಿಂದ 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ಸೀಮೆಸುಣ್ಣ, ರಿಜಿಸ್ಟರ್, ಸಣ್ಣಪುಟ್ಟ ರಿಪೇರಿಗೆ ಎಂದು ಕೊಡುವುದಷ್ಟೇ. ಇದರಲ್ಲೂ ಕನಿಷ್ಠ ಶೇ 10, ನಿಮ್ಮ ಮಟ್ಟಿಗೆ 2,500 ರೂ., ಸ್ವಚ್ಛತೆಗೇ ಹೋಗಬೇಕು. ಇದರಲ್ಲಿ ಸೂರು ಕಟ್ಟಲು ಹೊರಟರೆ ಹೆಂಚಿಗೂ ಸಾಲದು. ಆಟದ ಸಾಮಾನಿಗೆ ಹಿರಿಯ ಪ್ರಾಥಮಿಕ ಶಾಲೆಗೆ 10,000 ರೂ.ವರೆಗೆ, ಗ್ರಂಥಾಲಯಕ್ಕೆ ಬೇರೆಯಾಗಿ ಕೊಡಲು ಯೋಜನೆಯಲ್ಲಿ ಅವಕಾಶವಿದೆ. ಅವು ಮಿತಿಗಳು ಮಾತ್ರ, ಪ್ರತಿ ವರ್ಷ ಮಂಜೂರಾಗಲೇಬೇಕು ಎಂದೇನಿಲ್ಲ.

ಕರೆಂಟ್ ಬಿಲ್ಲನ್ನು ಈಗಲೂ ಈ ಅನುದಾನದಿಂದ ಕಟ್ಟುತ್ತಿದ್ದೀರಾ ಎಂದು ನೋಡಿ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು 2023ರ ರಾಜ್ಯೋತ್ಸವದ ದಿನ ಘೋಷಣೆಯಾಗಿದೆ. ಬಿಲ್ಲು ಇನ್ನೂ ಶಾಲೆಗೇ ಬರುತ್ತಿದ್ದರೆ ಆರ್‌ಆರ್ ನಂಬರನ್ನು ಪತ್ರದಲ್ಲಿ ಬರೆದು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ.

ಅರ್ಧ ಹಣ ವಾಪಸ್ ಹೋದದ್ದಕ್ಕೂ ಕಾರಣವಿದೆ. 2021ರ ಜುಲೈನಿಂದ ಕೇಂದ್ರ ಪಾಲಿನ ಯೋಜನೆಗಳ ಹಣ ಶಾಲೆಯ ಖಾತೆಯಲ್ಲಿ ಬಂದು ಕೂರುವುದಿಲ್ಲ. ರಾಜ್ಯಕ್ಕೆಲ್ಲ ಒಂದೇ ಮೂಲ ಖಾತೆ, ಶಾಲೆಯದು ಸೊನ್ನೆ ಬಾಕಿಯ ಖಾತೆ. ಇಷ್ಟರವರೆಗೆ ಖರ್ಚು ಮಾಡಬಹುದು ಎಂಬ ಮಿತಿಯನ್ನು ಮಾತ್ರ ನಿಮ್ಮ ಹೆಸರಿಗೆ ತೋರಿಸುತ್ತಾರೆ. ಮಾರ್ಚ್ 31ರೊಳಗೆ ಬಳಸದಿದ್ದರೆ ಮಿತಿ ಅಳಿಸಿಹೋಗುತ್ತದೆ. ಮಿತಿ ತಡವಾಗಿ ಬರುವುದು ನಿಮ್ಮ ತಪ್ಪಲ್ಲ. ಆದರೆ ಬಂದಾಗ ಸಿಕ್ಕಿಹಾಕಿಕೊಳ್ಳುವುದು ಬಹುತೇಕ ಒಂದೇ ಕಡೆ: ಅಂಗಡಿಯವರ ಬ್ಯಾಂಕ್ ವಿವರ ಸರ್ಕಾರಿ ಹಣ ಪಾವತಿಯ ಜಾಲತಾಣವಾದ ಪಿಎಫ್‌ಎಂಎಸ್‌ನಲ್ಲಿ ದಾಖಲಾಗಿ ಪರಿಶೀಲನೆ ಮುಗಿದಿರುವುದಿಲ್ಲ. ಮಾರ್ಚ್ ಕೊನೆಯ ವಾರ ಎಲ್ಲ ಶಾಲೆಯವರೂ ಒಟ್ಟಿಗೆ ಕೂತಾಗ ಅದು ಮುಗಿಯುವುದೂ ಇಲ್ಲ. ಜುಲೈ ಸಭೆಯಲ್ಲೇ ಏನೇನು ಕೊಳ್ಳಬೇಕು ಎಂದು ನಡಾವಳಿ ಬರೆದು, ದರಪಟ್ಟಿ ತರಿಸಿ, ಅಂಗಡಿಯವರನ್ನು ನೋಂದಾಯಿಸಿಟ್ಟುಕೊಳ್ಳಿ. ಮಿತಿ ಬಂದ ವಾರದಲ್ಲಿ ಪಾವತಿ ಮುಗಿಯುತ್ತದೆ.

ಇನ್ನು ಟೀಚರ್ ವಿಷಯ. ನಿಮ್ಮ ಪತ್ರದ ಮುಖ್ಯ ಭಾಗ ಇದೇ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಲೆಕ್ಕ ಸ್ಪಷ್ಟವಾಗಿದೆ. 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 60 ದಾಟಿದರೆ ಮೂವರು. 6ರಿಂದ 8ರಲ್ಲಿ ಮಕ್ಕಳು ಎಷ್ಟೇ ಕಡಿಮೆಯಿರಲಿ, ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ನಿಮ್ಮ 46ಕ್ಕೆ ಇಬ್ಬರು, 22ಕ್ಕೆ ಮೂವರು, ಒಟ್ಟು ಐವರು. ಇರುವುದು ಮೂವರು.

ಆದರೆ ಅರ್ಜಿ ಬರೆಯುವ ಮೊದಲು ಒಂದು ಕಾಗದ ನೋಡಲೇಬೇಕು. ಮುಖ್ಯಶಿಕ್ಷಕರ ಬಳಿ ‘ಮಂಜೂರಾದ ಹುದ್ದೆ, ಕೆಲಸ ಮಾಡುತ್ತಿರುವವರು, ಖಾಲಿ’ ಎಂಬ ತಖ್ತೆ ಇರುತ್ತದೆ. ಅದು ಮೂರು ಬಗೆಯಲ್ಲಿರಬಹುದು, ಮೂರಕ್ಕೂ ಮದ್ದು ಬೇರೆ. ಮಂಜೂರಾತಿ ಐದು ಇದ್ದು ಇಬ್ಬರು ಖಾಲಿ ಎಂದಿದ್ದರೆ ನಿಮ್ಮ ಕೈ ಬಲವಾಗಿದೆ. ಕಾಯ್ದೆಯ 26ನೇ ಕಲಮು ಒಂದು ಶಾಲೆಯಲ್ಲಿ ಮಂಜೂರಾದ ಹುದ್ದೆಯ ಶೇ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು ಎನ್ನುತ್ತದೆ. ಐದರಲ್ಲಿ ಒಂದೇ ಖಾಲಿಯಾದರೂ ಅದು ಶೇ 20. ಮಂಜೂರಾತಿಯೇ ಮೂರು ಎಂದಿದ್ದರೆ ‘ಖಾಲಿ ಹುದ್ದೆ ತುಂಬಿ’ ಎಂದು ಬರೆಯುವುದು ವ್ಯರ್ಥ, ‘ನಿಮ್ಮಲ್ಲಿ ಖಾಲಿ ಇಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಆಗ ಕೇಳಬೇಕಾದದ್ದು ಅನುಸೂಚಿಯ ಪ್ರಕಾರ ಹುದ್ದೆ ಮರುಹೊಂದಾಣಿಕೆ, ಅದರಲ್ಲೂ 6-8ನೇ ತರಗತಿಗೆಂದೇ ಇರುವ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ. ರಾಜ್ಯ 2022ರಲ್ಲಿ ಇದೇ ದರ್ಜೆಗೆ 15,000 ಹುದ್ದೆಗಳ ನೇಮಕಾತಿ ಕರೆದಿತ್ತು. ಮೂರನೆಯದು ಎಲ್ಲಕ್ಕಿಂತ ಕಿರಿಕಿರಿಯದು. ಹುದ್ದೆ ತುಂಬಿದೆ ಎಂದು ತಖ್ತೆ ಹೇಳುತ್ತದೆ, ಮೇಷ್ಟ್ರು ಮಾತ್ರ ನಿಯೋಜನೆ ಮೇಲೆ ಬೇರೆ ಶಾಲೆಯಲ್ಲೋ ಕಚೇರಿಯಲ್ಲೋ ಇರುತ್ತಾರೆ. ಸಂಬಳ ಇಲ್ಲಿ, ಕೆಲಸ ಅಲ್ಲಿ. ಹಾಗಿದ್ದರೆ 25ನೇ ಕಲಮಿನ 2ನೇ ಉಪಕಲಮನ್ನು ಅರ್ಜಿಯಲ್ಲಿ ಎತ್ತಿ ಬರೆಯಿರಿ. ಒಂದು ಶಾಲೆಗೆ ನೇಮಿಸಿದ ಶಿಕ್ಷಕರನ್ನು ಬೇರೆ ಶಾಲೆ, ಕಚೇರಿಯಲ್ಲಿ ದುಡಿಸಬಾರದು ಎಂದೇ ಅದರಲ್ಲಿದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ಮಾತ್ರ ವಿನಾಯಿತಿ.

ಹುದ್ದೆ ತುಂಬಲು ತಡವಾಗುತ್ತದೆ, ಮಕ್ಕಳ ವರ್ಷ ಕಾಯುವುದಿಲ್ಲ. ಅದಕ್ಕೆ ಇರುವುದು ಅತಿಥಿ ಶಿಕ್ಷಕರ ವ್ಯವಸ್ಥೆ. 2025-26ರಿಂದ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000 ರೂ. ಗೌರವಧನ, ಸರ್ಕಾರದ್ದೇ. ತಾಲ್ಲೂಕಿಗೆ ಇಷ್ಟು ಎಂದು ಬಂದದ್ದನ್ನು ಬಿಇಓ ಖಾಲಿ ಹುದ್ದೆ ನೋಡಿ ಹಂಚುತ್ತಾರೆ. ನಿಮ್ಮ ಬೇಡಿಕೆ ಮೇ ತಿಂಗಳಲ್ಲೇ, ವಿಷಯದ ಹೆಸರು ಸಹಿತ ಅವರ ಮೇಜಿನ ಮೇಲಿರಬೇಕು. ಜೂನ್ ಕೊನೆಗೆ ಹೋದರೆ ಹಂಚಿಕೆ ಮುಗಿದಿರುತ್ತದೆ.

ಈಗ ನಿಮ್ಮ ಚಂದಾ ಲೆಕ್ಕಕ್ಕೆ ಬನ್ನಿ. ಐವತ್ತು ಮನೆಯಿಂದ ತಿಂಗಳಿಗೆ 200 ಎಂದರೆ 10,000 ರೂ. ಸರ್ಕಾರ ತನ್ನ ದುಡ್ಡಿನಲ್ಲಿ ಕೊಡಬೇಕಾದ ಅತಿಥಿ ಶಿಕ್ಷಕರ ಬಾಬ್ತನ್ನು ಕೂಲಿ ಮಾಡುವ ಮನೆಗಳು ತಾವೇ ಕಟ್ಟಿದಂತಾಯಿತು. ಇದಕ್ಕಿಂತ ದೊಡ್ಡ ಅಪಾಯ ಮುಂದಿದೆ. ನೀವಿಟ್ಟ ಟೀಚರ್ ಪಾಠ ಮಾಡುತ್ತಿರುವಾಗ ‘ಗಣಿತಕ್ಕೆ ಶಿಕ್ಷಕರಿಲ್ಲ’ ಎಂಬ ಕೂಗು ಊರಿನಲ್ಲೇ ನಿಂತುಹೋಗುತ್ತದೆ. ಬಿಇಓ ಬಳಿ ಹತ್ತು ಶಾಲೆಯ ಅರ್ಜಿ, ಇಬ್ಬರು ಶಿಕ್ಷಕರು ಇದ್ದಾಗ, ಹೇಗೋ ನಡೆಯುತ್ತಿರುವ ಶಾಲೆ ಪಟ್ಟಿಯ ಕೊನೆಗೆ ಹೋಗುತ್ತದೆ. ಚಂದಾ ಮೊದಲ ಮೂರು ತಿಂಗಳು ಚೆನ್ನಾಗಿ ಬರುತ್ತದೆ, ಬಿತ್ತನೆ ಸಮಯದಲ್ಲಿ ಅರ್ಧ ಮನೆ ಬಾಕಿ ಉಳಿಯುತ್ತವೆ, ದಸರೆ ಹೊತ್ತಿಗೆ ಆ ಟೀಚರ್ ಬಿಟ್ಟುಹೋಗುತ್ತಾರೆ. ಆಗ ನಿಮ್ಮ ಕೈಯಲ್ಲಿ ಅರ್ಜಿಯೂ ಇಲ್ಲ, ಟೀಚರೂ ಇಲ್ಲ.

ಕಾನೂನಿನ ಮಾತೂ ಇದೆ. ಶಾಲೆ ಬಿಡುವಂತೆ ಮಾಡುವ ಯಾವ ಶುಲ್ಕವನ್ನೂ ಮಗುವಿನ ಮೇಲೆ ಹಾಕುವಂತಿಲ್ಲ, ಇದು ಕಾಯ್ದೆಯ 3ನೇ ಕಲಮು. 2022ರ ಅಕ್ಟೋಬರ್‌ನಲ್ಲಿ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂ. ದೇಣಿಗೆ ಪಡೆಯಬಹುದು ಎಂದು ಇಲಾಖೆಯೇ ಸುತ್ತೋಲೆ ಹೊರಡಿಸಿ, ರಾಜ್ಯವೆಲ್ಲ ಗದ್ದಲವಾಗಿ ಕೆಲವೇ ದಿನಗಳಲ್ಲಿ ವಾಪಸ್ ಪಡೆದದ್ದು ನಿಮಗೆ ನೆನಪಿರಬಹುದು. ಸ್ವಇಚ್ಛೆ ಎಂದು ಬರೆದಿದ್ದರೂ ವಿರೋಧ ಬಂತು, ಏಕೆಂದರೆ ಹಳ್ಳಿಯಲ್ಲಿ ‘ಮನೆಗೆ ಇಷ್ಟು’ ಎಂದು ಗೊತ್ತುಮಾಡಿದ ಮೇಲೆ ಸ್ವಇಚ್ಛೆ ಎಲ್ಲಿ ಉಳಿಯುತ್ತದೆ? ಕೊಡದ ಮನೆಯ ಮಗುವಿಗೆ ತರಗತಿಯಲ್ಲಿ ಅದು ಗೊತ್ತಾಗಿಯೇ ಆಗುತ್ತದೆ.

ಶಾಲೆ ಮುಚ್ಚುವ ಮಾತಿಗೆ ಬರೋಣ. ಇಷ್ಟು ಮಕ್ಕಳಿಗಿಂತ ಕಡಿಮೆಯಾದರೆ ಮುಚ್ಚಬೇಕು ಎಂಬ ಸಂಖ್ಯೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಬದಲಿಗೆ ಮನೆಯಿಂದ 1 ಕಿ.ಮೀ. ಒಳಗೆ ಕಿರಿಯ ಪ್ರಾಥಮಿಕ, 3 ಕಿ.ಮೀ. ಒಳಗೆ ಹಿರಿಯ ಪ್ರಾಥಮಿಕ ಶಾಲೆ ಇರಬೇಕು ಎಂಬ ನಿಯಮವಿದೆ. ಹಾಗೆಂದು ಭಯ ಪೂರ್ತಿ ಸುಳ್ಳೂ ಅಲ್ಲ. 2025-26ರ ಬಜೆಟ್ಟಿನಲ್ಲಿ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳ ಘೋಷಣೆಯಾದ ಮೇಲೆ, ಸುತ್ತಲಿನ ಸಣ್ಣ ಶಾಲೆಗಳನ್ನು ಅವುಗಳಲ್ಲಿ ವಿಲೀನ ಮಾಡುತ್ತಾರೆ ಎಂದು ಹಲವು ಕಡೆ ಪೋಷಕರು ಬೀದಿಗಿಳಿದರು. ಅಂಥ ಪ್ರಸ್ತಾಪ ನಿಮ್ಮಲ್ಲಿಗೆ ಬಂದರೆ ಬಾಯಿಮಾತಿಗೆ ಒಪ್ಪಬೇಡಿ, ಲಿಖಿತ ಆದೇಶ ಕೇಳಿ, ಎಸ್‌ಡಿಎಂಸಿ ಅಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸಿ. ಒಪ್ಪುವುದಾದರೆ ವಾಹನ ಯಾರದು, ಎಷ್ಟು ವರ್ಷ ಎಂಬುದು ಆದೇಶದಲ್ಲೇ ಇರಲಿ.

ಆದರೆ ಸಾಮಾನ್ಯವಾಗಿ ಶಾಲೆ ಆದೇಶದಿಂದ ಮುಚ್ಚುವುದಿಲ್ಲ, ತಾನಾಗಿ ಬರಿದಾಗುತ್ತದೆ. ಮಕ್ಕಳು ಕಡಿಮೆಯಾದಾಗ ಒಬ್ಬ ಶಿಕ್ಷಕರನ್ನು ‘ಹೆಚ್ಚುವರಿ’ ಎಂದು ಗುರುತಿಸಿ ಬೇರೆಡೆ ಹಾಕುತ್ತಾರೆ. ಉಳಿದವರು ಎರಡೆರಡು, ಮೂರುಮೂರು ತರಗತಿ ಒಟ್ಟಿಗೆ ಕೂರಿಸುತ್ತಾರೆ. ಅದನ್ನು ನೋಡಿದ ಪೋಷಕರು ಹಳದಿ ವ್ಯಾನಿನ ಶಾಲೆಗೆ ಮಕ್ಕಳನ್ನು ಕಳಿಸುತ್ತಾರೆ. ಮುಂದಿನ ವರ್ಷ ಇನ್ನೊಬ್ಬ ಶಿಕ್ಷಕರು ಹೆಚ್ಚುವರಿ. ಈ ಇಳಿಜಾರಿನಲ್ಲಿ ಮಕ್ಕಳ ಸಂಖ್ಯೆಯೇ ಹಣ, ಹುದ್ದೆ ಎರಡಕ್ಕೂ ಕೀಲಿ. ಅದಕ್ಕೆ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿಗಳ ಆನ್‌ಲೈನ್ ದಾಖಲಾತಿ ಪಟ್ಟಿ) ಮತ್ತು ಯುಡೈಸ್ (ಶಾಲೆಗಳ ರಾಷ್ಟ್ರೀಯ ಮಾಹಿತಿ ವ್ಯವಸ್ಥೆ) ದಾಖಲೆ ಸರಿಯಿರಬೇಕು. ಶಾಲೆಗೆ ಬರುತ್ತಿದ್ದೂ ಸ್ಯಾಟ್ಸ್‌ನಲ್ಲಿ ಹಳೆ ಶಾಲೆಯಲ್ಲೇ ಉಳಿದ ಮಗು ನಿಮ್ಮ ಲೆಕ್ಕಕ್ಕಿಲ್ಲ. ವಲಸೆ ಬಂದ ಕೂಲಿಯವರ ಮಕ್ಕಳಲ್ಲಿ ಇದು ಹೆಚ್ಚು. ವರ್ಗಾವಣೆ ಪತ್ರ ಇಲ್ಲ ಎಂದು ಯಾವ ಮಗುವಿನ ಸೇರ್ಪಡೆಯನ್ನೂ ತಡೆಯುವಂತಿಲ್ಲ ಎಂಬುದನ್ನೂ ಮುಖ್ಯಶಿಕ್ಷಕರಿಗೆ ನೆನಪಿಸಿ. ಅಂಗನವಾಡಿಯಿಂದ ಹೊರಬರುವ ಮಕ್ಕಳ ಪಟ್ಟಿಯನ್ನು ಮಾರ್ಚಿನಲ್ಲೇ ತರಿಸಿಕೊಂಡು ಮನೆಮನೆಗೆ ಹೋಗಿ. ಸುಳ್ಳು ಹೆಸರು ಮಾತ್ರ ಸೇರಿಸಬೇಡಿ. ಬಿಸಿಯೂಟದ ಹಾಜರಿಗೂ ದಾಖಲಾತಿಗೂ ತಾಳೆ ಬೀಳದಿದ್ದರೆ ಮುಖ್ಯಶಿಕ್ಷಕರ ಮೇಲೆ ವಿಚಾರಣೆ, ನಿಮ್ಮ ಮುಂದಿನ ಬೇಡಿಕೆಗೆಲ್ಲ ಅನುಮಾನ.

ಸೋರುವ ಕೊಠಡಿಗೂ ಇದೇ ದಾಖಲೆ ಬೇಕು. ಯುಡೈಸ್ ನಮೂನೆಯಲ್ಲಿ ಪ್ರತಿ ಕೊಠಡಿಯನ್ನು ‘ಸುಸ್ಥಿತಿ’, ‘ಸಣ್ಣ ದುರಸ್ತಿ’, ‘ದೊಡ್ಡ ದುರಸ್ತಿ’ ಎಂದು ತುಂಬಬೇಕು. ಬಹಳ ಶಾಲೆಗಳಲ್ಲಿ ಹಿಂದಿನ ವರ್ಷದ್ದನ್ನೇ ನಕಲಿಸುತ್ತಾರೆ, ಹಾಗಾಗಿ ಸೋರುವ ಕೊಠಡಿ ವರ್ಷಗಟ್ಟಲೆ ಸುಸ್ಥಿತಿಯಲ್ಲೇ ಇರುತ್ತದೆ. ಸಮಗ್ರ ಶಿಕ್ಷಣದ ವಾರ್ಷಿಕ ಕ್ರಿಯಾಯೋಜನೆ ತಯಾರಾಗುವುದು ಈ ಅಂಕಿಯಿಂದಲೇ. ಈ ಸಲ ನಮೂನೆ ತುಂಬುವಾಗ ಪಕ್ಕದಲ್ಲಿ ಕೂತು ನೋಡಿ. ಕೊಠಡಿ ಬೀಳುವ ಹಂತದಲ್ಲಿದ್ದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಿಂದ ಶಿಥಿಲ ಎಂಬ ಪ್ರಮಾಣಪತ್ರ ಬೇಕು. ಅದಿಲ್ಲದೆ ಕೆಡವುವಂತಿಲ್ಲ, ಕೆಡವದೆ ಹೊಸದರ ಅಗತ್ಯ ಕಾಗದದಲ್ಲಿ ಕಾಣುವುದಿಲ್ಲ. ಮಳೆಯಿಂದ ಗೋಡೆ, ಮಾಡು ಹಾಳಾದರೆ ಅದೇ ವಾರ ದಿನಾಂಕವಿರುವ ಫೋಟೊ ಸಹಿತ ತಹಶೀಲ್ದಾರ್‌ಗೆ ವರದಿ ಕೊಡಿ. ವಿಪತ್ತು ಪರಿಹಾರ ನಿಧಿಯಲ್ಲಿ ಪ್ರಾಥಮಿಕ ಶಾಲೆ ದುರಸ್ತಿಗೆ ಅವಕಾಶವಿದೆ, ತಡವಾದರೆ ಮಳೆಗೂ ಹಾನಿಗೂ ಸಂಬಂಧ ತೋರಿಸಲಾಗದು.

ಇನ್ನೊಂದು, ಬಹಳ ಊರುಗಳಲ್ಲಿ ಕೆಲಸ ಕೆಡುವುದು ಇಲ್ಲೇ: ಶಾಲೆ ಜಾಗದ ಪಹಣಿ ಅಥವಾ ಖಾತೆ ಯಾರ ಹೆಸರಿನಲ್ಲಿದೆ? ಹಿಂದೆ ಯಾರೋ ಪುಣ್ಯಾತ್ಮರು ಬಾಯಿಮಾತಿನಲ್ಲಿ ಕೊಟ್ಟ ಜಾಗ, ದಾನಪತ್ರ ನೋಂದಣಿಯಾಗಿಲ್ಲ, ಈಗ ಮೊಮ್ಮಕ್ಕಳ ತಕರಾರು. ಜಾಗ ಶಾಲೆಯ ಹೆಸರಿಗಿಲ್ಲದಿದ್ದರೆ ಯಾವ ಎಂಜಿನಿಯರೂ ಅಂದಾಜುಪಟ್ಟಿಗೆ ಕೈಹಾಕುವುದಿಲ್ಲ. ಉಳಿದೆಲ್ಲಕ್ಕಿಂತ ಮೊದಲು ಇದನ್ನು ನೋಡಿ.

ಕಾಂಪೌಂಡ್, ಶೌಚಾಲಯ, ಅಡುಗೆ ಕೋಣೆಗೆ ಗ್ರಾಮ ಪಂಚಾಯಿತಿ ದಾರಿ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಪಂಚಾಯಿತಿ ಅನುದಾನದ ಶೇ 60 ನೀರು-ನೈರ್ಮಲ್ಯಕ್ಕೆ ಮೀಸಲಿತ್ತು. ಆ ಅವಧಿ 2026ರ ಮಾರ್ಚ್‌ವರೆಗೆ. ನರೇಗಾದಲ್ಲಿ ಶಾಲೆ ಕಾಂಪೌಂಡ್, ಆಟದ ಮೈದಾನ ಆಗುತ್ತಿದ್ದವು, ಆದರೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿದೆ. ಯಾವ ಕಾಮಗಾರಿ ಈಗಿನ ಪಟ್ಟಿಯಲ್ಲಿದೆ ಎಂದು ಪಿಡಿಓ ಬಳಿ ಕೇಳಿಯೇ ಅರ್ಜಿ ಬರೆಯಿರಿ. ನವೆಂಬರ್ ಸುಮಾರಿಗೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯದ ಮಾತನ್ನು ಮಕ್ಕಳೇ ಆಡಲಿ. ನೀವು ಆಡಿದರೆ ರಾಜಕೀಯ ಎನ್ನುತ್ತಾರೆ, ಏಳನೇ ತರಗತಿ ಹುಡುಗಿ ಕೇಳಿದರೆ ನಡಾವಳಿಗೆ ಬರುತ್ತದೆ.

ಇದನ್ನೆಲ್ಲ ಒಂದೇ ಕಾಗದಕ್ಕೆ ತರುವುದು ಶಾಲಾ ಅಭಿವೃದ್ಧಿ ಯೋಜನೆ. ಕಾಯ್ದೆಯ 22ನೇ ಕಲಮಿನ ಪ್ರಕಾರ ಅದನ್ನು ಮಾಡುವುದು ಎಸ್‌ಡಿಎಂಸಿಯ ಕೆಲಸ, ಅನುದಾನಕ್ಕೆ ಅದೇ ಆಧಾರವಾಗಬೇಕು. ಮೂರು ವರ್ಷದ್ದು, ವರ್ಷವಾರು ಬಿಡಿಸಿ, ತರಗತಿವಾರು ಮಕ್ಕಳ ಅಂದಾಜು, ಬೇಕಾದ ಶಿಕ್ಷಕರು, ಕೊಠಡಿ, ಹಣ. ಡಿಸೆಂಬರ್ ಒಳಗೆ ಮುಗಿಸಿ, ಅಧ್ಯಕ್ಷರಾಗಿ ನೀವು ಸಹಿ ಮಾಡಿ ಬಿಇಓಗೆ ಕೊಟ್ಟು ಮೊಹರು ಹಾಕಿದ ಪ್ರತಿ ಇಟ್ಟುಕೊಳ್ಳಿ. ಇನ್ನೊಂದು ಪ್ರತಿ ಡಿಡಿಪಿಐಗೆ (ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು). ನಿಮ್ಮ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆಗಳು ಎರಡು. ನಿಮ್ಮದು ಮಧುಗಿರಿ, ಶಿರಾ, ಕೊರಟಗೆರೆ ಅಥವಾ ಪಾವಗಡ ತಾಲ್ಲೂಕಾದರೆ ಕಾಗದ ಮಧುಗಿರಿ ಡಿಡಿಪಿಐಗೆ ಹೋಗಬೇಕು, ತುಮಕೂರಿಗೆ ಅಲ್ಲ. ಉತ್ತರ ಬರದಿದ್ದರೆ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು, ಅವರು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅದರ ಮೇಲಿನ ಮೇಲ್ಮನವಿ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಕೊನೆಯದಾಗಿ ದಾನಿಗಳ ಹಣ. ಬೇಡವೆನ್ನಬೇಡಿ. ಸರ್ಕಾರ ಕೊಡಲೇಬೇಕಾದದ್ದನ್ನು ಬಿಟ್ಟು, ಅದು ಕೊಡದಿರುವುದಕ್ಕೆ ಬಳಸಿ: ಗ್ರಂಥಾಲಯದ ಪುಸ್ತಕ, ವಿಜ್ಞಾನದ ಸಾಮಾನು, ಸೌರ ದೀಪ, ಸಂಜೆ ಓದಿಗೆ ಒಂದು ಕೋಣೆ. ಬೆಂಗಳೂರಿನವರ ಹಣ ಎಸ್‌ಡಿಎಂಸಿ ಖಾತೆಗೇ ಬರಲಿ, ಯಾರ ಫೋನ್‌ಪೇಗೂ ಬೇಡ. ರಸೀದಿ, ನಡಾವಳಿ, ದಾಸ್ತಾನು ಪುಸ್ತಕದಲ್ಲಿ ನಮೂದು, ಮೂರೂ ಬೇಕು. ಕಟ್ಟಡ ಕಟ್ಟಿಸುತ್ತೇವೆ ಎಂದರೆ ಇಲಾಖೆಯ ಅನುಮತಿ ಮೊದಲು. ಕೆಲಸ ಮುಗಿದ ಮೇಲೆ ಶಾಲೆಗೆ ಹಸ್ತಾಂತರ ಪತ್ರ ಮಾಡಿಸಿಕೊಳ್ಳಿ. ಅದು ದಾಖಲೆಗೆ ಸೇರದಿದ್ದರೆ ಮುಂದೆ ಅದರ ರಿಪೇರಿಗೆ ಸರ್ಕಾರದ ಹಣ ಬರುವುದಿಲ್ಲ.

ಅಮೆರಿಕದಲ್ಲಿರುವವರ ಬಳಿ ಒಂದೇ ಪ್ರಶ್ನೆ ಕೇಳಿ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದೇ ಆಗಿದ್ದು, ತಮ್ಮ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಇದ್ದರೂ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅಡ್ಡ ಬರುತ್ತದೆ. ಆಗ ಎಸ್‌ಡಿಎಂಸಿ ಖಾತೆಗಾಗಲಿ, ಹೊಸದಾಗಿ ಕಟ್ಟಿದ ಹಳೆ ವಿದ್ಯಾರ್ಥಿಗಳ ಸಂಘಕ್ಕಾಗಲಿ ನೇರವಾಗಿ ಹಾಕಿಸಿಕೊಳ್ಳಬೇಡಿ. ಹಣದ ಬದಲು ಕಂಪ್ಯೂಟರ್ ಕಳಿಸಿದರೂ ಕಾಯ್ದೆ ಅದೇ. ಆ ಕಾಯ್ದೆಯಡಿ ನೋಂದಾಯಿಸಿಕೊಂಡ ಸಂಸ್ಥೆಗೆ ಅವರು ಕೊಡಬಹುದು. ಆದರೆ 2020ರ ತಿದ್ದುಪಡಿಯ ನಂತರ ಆ ಸಂಸ್ಥೆ ಹಣವನ್ನು ಇನ್ನೊಂದು ಸಂಘಕ್ಕೆ ವರ್ಗಾಯಿಸುವಂತಿಲ್ಲ, ನಿಮ್ಮ ಶಾಲೆಯ ಕೆಲಸವನ್ನು ತಾನೇ ಮಾಡಿಸಿ ಬಿಲ್ಲು ಕಟ್ಟಬೇಕು.